ವಾಷರನ್ನು ಮನೆಯಲ್ಲೇ ಮಾಡಿಕೊಳ್ಳಿ

ಭತ್ತ ತೆನೆ ಬಿಡುವಾಗ ನೀರು ತಪ್ಪಿದರೆ ಜೊಳ್ಳು ಹೆಚ್ಚುತ್ತದೆ. ಡೀಸೆಲ್ ಪಂಪ್‌ಸೆಟ್ಟು ಆ ಹೊತ್ತಿನಲ್ಲೇ ಕೈಕೊಡುವುದುಂಟು. ಹಲವು ಸಲ ಕಾರಣ ಇಷ್ಟೇ: ಇಂಧನ ಕೊಳವೆಯ ಜೋಡಣೆಯಲ್ಲಿರುವ ತಾಮ್ರದ ವಾಷರು ಕೆಟ್ಟು ಡೀಸೆಲ್ ಜಿನುಗುತ್ತಿರುತ್ತದೆ, ಇಲ್ಲವೇ ಗಾಳಿ ಒಳಸೇರಿರುತ್ತದೆ. ಡ್ರಿಲ್ಲಿಂಗ್ ಯಂತ್ರ, ವೈಸ್, ಅರ ಇರುವ ರೈತರು ಇದಕ್ಕಾಗಿ ಪೇಟೆಗೆ ಓಡಬೇಕಾಗಿಲ್ಲ.

ಮೊದಲು ತೂತು, ಆಮೇಲೆ ಹೊರಸುತ್ತು. ಈ ಕ್ರಮ ತಪ್ಪಕೂಡದು. ಸಣ್ಣ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಕೊರೆಯಹೋದರೆ ತಗಡು ಬಿಟ್ಟಿಗೆ ಸಿಕ್ಕಿ ಗಿರ್ರನೆ ತಿರುಗಿ ಬೆರಳನ್ನು ಕೊಯ್ಯುತ್ತದೆ. ಅಗಲವಾದ ತಗಡನ್ನೇ ಎರಡು ಮರದ ಹಲಗೆಗಳ ನಡುವೆ ಬಿಗಿದು ಕೊರೆಯಿರಿ. ಕೈಗವಸು ಬೇಡ, ಅದೂ ಸುತ್ತಿಕೊಳ್ಳುತ್ತದೆ. ಒರಟಾಗಿ ಕತ್ತರಿಸಿದ ನಾಲ್ಕಾರು ಬಿಲ್ಲೆಗಳನ್ನು ಒಂದೇ ಬೋಲ್ಟಿಗೆ ಪೋಣಿಸಿ, ನಟ್ಟು ಬಿಗಿದು, ಅರದಿಂದ ಉಜ್ಜಿದರೆ ಎಲ್ಲವೂ ಒಂದೇ ಸಮ ದುಂಡಗಾಗುತ್ತವೆ. ನೇಗಿಲು, ಕಲ್ಟಿವೇಟರುಗಳ 12 ಮಿ.ಮೀ. ಬೋಲ್ಟಿಗಾದರೆ ಉಕ್ಕಿನ ತಗಡಿನಲ್ಲಿ 13 ಮಿ.ಮೀ. ತೂತು, 24 ಮಿ.ಮೀ. ಹೊರ ಅಗಲ, 2.5 ಮಿ.ಮೀ. ದಪ್ಪ ಸಾಮಾನ್ಯ ಅಳತೆ.

ತಾಮ್ರ ಪೆಟ್ಟು, ಒತ್ತಡ ಬಿದ್ದಂತೆಲ್ಲ ಗಡುಸಾಗುತ್ತದೆ. ಮಂದ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಉಕ್ಕಿಗೆ ಹದ ಹಾಕುವ ಕಮ್ಮಾರರಿಗೆ ಇದು ತಲೆಕೆಳಗೆನಿಸೀತು! ಹಳೆಯ ವಾಷರು ಸವೆದಿಲ್ಲದಿದ್ದರೆ ಹೀಗೆ ಕಾಯಿಸಿ ಮತ್ತೆ ಬಳಸಬಹುದು. ಹೊಸದಾದರೆ ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆದು, ಗಾಜಿನ ಮೇಲೆ ಎಮರಿ ಕಾಗದ ಹರಡಿ ಎರಡೂ ಮುಖಗಳನ್ನು ತಿಕ್ಕಿ ಸಮ ಮಾಡಿ.

ಇಂಜೆಕ್ಟರಿನ ಕೆಳಗೆ ಕೂರುವ ವಾಷರನ್ನು ಮಾತ್ರ ಕೊಂಡೇ ಹಾಕಿ. ಅದರ ದಪ್ಪ ಬದಲಾದರೆ ಇಂಜೆಕ್ಟರಿನ ಮೂತಿ ತಕ್ಕ ಸ್ಥಾನದಲ್ಲಿ ನಿಲ್ಲದೆ ಎಂಜಿನ್ನು ಹೊಗೆಯುಗುಳುತ್ತದೆ.