ನಿದ್ದೆಗೆಟ್ಟ ಮಿದುಳು ಏನನ್ನು ನೆನಪಿಡುತ್ತದೆ?

ಊರಿಗೆ ಹಣ ಕಳಿಸಬೇಕಾದ ತಾರೀಖು ಮರೆತುಹೋಗುತ್ತದೆ. ಸಾಹೇಬರು ನಾಲ್ಕು ಜನರೆದುರು ಆಡಿದ ಮಾತು ಮಾತ್ರ ಮೂರು ವರ್ಷವಾದರೂ ಮುಳ್ಳಿನಂತೆ ನಟ್ಟಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಲೋಕಲಿನಲ್ಲಿ ಕಲ್ಯಾಣಕ್ಕೋ ಡೊಂಬಿವಲಿಗೋ ಮರಳುವ ನಮ್ಮವರಲ್ಲಿ ಈ ದೂರು ಹೆಚ್ಚು. ಇದನ್ನು ಸ್ವಭಾವದೋಷವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಇದರಲ್ಲಿ ಮಿದುಳಿನ ಕೆಲಸವೂ ಬಹಳಷ್ಟಿದೆ. ಅದನ್ನು ಕಂಡುಹಿಡಿದವರಲ್ಲಿ ಬೆಂಗಳೂರಿನವರೂ ಇದ್ದಾರೆ.

ಮಿದುಳಿನ ಒಳಭಾಗದಲ್ಲಿ ಬಾದಾಮಿ ಬೀಜದಂಥ ಒಂದು ಭಾಗವಿದೆ; ಅದಕ್ಕೆ ಅಮಿಗ್ಡಲ ಎಂದು ಹೆಸರು. ಅದರ ಪಕ್ಕದಲ್ಲೇ ಹಿಪೊಕ್ಯಾಂಪಸ್ ಇದೆ. ನಮ್ಮ ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ, ಎರಡನೆಯದು ಆವಕ ರಿಜಿಸ್ಟರು: ಯಾವುದು, ಎಲ್ಲಿ, ಯಾವಾಗ ನಡೆಯಿತು ಎಂಬುದನ್ನು ನಮೂದಿಸುತ್ತದೆ. ಮೊದಲನೆಯದು ಕೆಂಪು ಶಾಯಿಯ ‘ಅರ್ಜೆಂಟ್’ ಮೊಹರು: ಭಯ, ಅವಮಾನ, ಅಪಾಯಗಳ ಮೇಲೆ ಬಲವಾಗಿ ಒತ್ತುತ್ತದೆ. ಮೊಹರು ಬಿದ್ದ ಕಾಗದ ಬೇಗ ಕಳೆಯುವುದಿಲ್ಲ. ಹಾವು ಕಂಡ ಜಾಗವನ್ನು ಮರೆಯದಿರುವುದು ಜೀವಕ್ಕೆ ಒಳ್ಳೆಯದೇ ತಾನೆ!

ಈಗ ಬೆಂಗಳೂರಿನ ವಿಷಯ. ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಜೀವವಿಜ್ಞಾನ ಕೇಂದ್ರವೊಂದು ಅಲ್ಲಿದೆ. ಅಲ್ಲಿನ ಸುಮಂತ್ರ ಚಟರ್ಜಿಯವರೂ ಅವರ ಸಂಗಡಿಗರೂ ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟು, ಅನಂತರ ಅವುಗಳ ಮಿದುಳಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾದುದು. ಹಿಪೊಕ್ಯಾಂಪಸ್ಸಿನ ಕೋಶಗಳ ಕವಲುಗಳು ಕುಗ್ಗಿದ್ದವು. ಅಮಿಗ್ಡಲದ ಕೋಶಗಳ ಕವಲುಗಳು ಬೆಳೆದಿದ್ದವು. ಒಂದೇ ಒತ್ತಡ, ಒಂದೇ ಪ್ರಾಣಿ. ಆದರೆ ರಿಜಿಸ್ಟರು ಸವೆಯಿತು, ಮೊಹರು ದಪ್ಪವಾಯಿತು. ಇನ್ನೂ ಗಮನಿಸತಕ್ಕದ್ದು 2004ರ ವರದಿ. ಇಪ್ಪತ್ತೊಂದು ದಿನ ಯಾವ ಹಿಂಸೆಯೂ ಇಲ್ಲದೆ ಬಿಟ್ಟರೂ ಅಮಿಗ್ಡಲದ ಬೆಳವಣಿಗೆ ಇಳಿಯಲಿಲ್ಲ, ಇಲಿಗಳ ಅಂಜಿಕೆಯೂ ಹೋಗಲಿಲ್ಲ. ಅಷ್ಟೇ ಅವಧಿಯಲ್ಲಿ ಹಿಪೊಕ್ಯಾಂಪಸ್ಸು ಚೇತರಿಸಿಕೊಳ್ಳಬಲ್ಲದು. 2005ರಲ್ಲಿ ಇನ್ನೊಂದು ಸಂಗತಿ ತಿಳಿದುಬಂತು: ಒಂದೇ ಒಂದು ಸಲ ಎರಡು ಗಂಟೆಯ ಒತ್ತಡ ಕೊಟ್ಟರೆ ಮರುದಿನ ಏನೂ ಕಾಣುವುದಿಲ್ಲ, ಹತ್ತು ದಿನ ಕಳೆದ ಮೇಲೆ ಅಮಿಗ್ಡಲದಲ್ಲಿ ಬದಲಾವಣೆ ಕಾಣುತ್ತದೆ. ಯಂತ್ರಕ್ಕೆ ಕೈ ಸಿಕ್ಕಿ ಪಾರಾದವನು ಆ ವಾರ ಚೆನ್ನಾಗಿಯೇ ಇದ್ದು, ಆಮೇಲೆ ನಡುಗುವುದನ್ನು ಕಂಡು ‘ನಾಟಕ’ ಎನ್ನುವವರಿದ್ದಾರೆ. ಇಲಿಯೇನೋ ಮನುಷ್ಯನಲ್ಲ, ನಿಜ; ಆದರೂ ಹಾಗೆನ್ನುವ ಮೊದಲು ಇದನ್ನಿಷ್ಟು ಯೋಚಿಸಬೇಕು.

ಇನ್ನು ನಿದ್ದೆಯ ಮಾತು. 2007ರಲ್ಲಿ ಅಮೇರಿಕೆಯ ವಿಜ್ಞಾನಿಗಳು ಕೆಲವು ತರುಣರನ್ನು ಸುಮಾರು 35 ಗಂಟೆ ಎಚ್ಚರವಾಗಿರಿಸಿ, ಅಹಿತಕರವಾದ ಚಿತ್ರಗಳನ್ನು ತೋರಿಸಿದರು. ನಿದ್ದೆ ಮಾಡಿದ್ದವರಿಗಿಂತ ಇವರ ಅಮಿಗ್ಡಲ ಸುಮಾರು ಶೇಕಡಾ 60ರಷ್ಟು ಹೆಚ್ಚಾಗಿ ಕೆರಳಿತು. ಅದಕ್ಕೆ ಕಡಿವಾಣ ಹಾಕುವ ಭಾಗ ಹಣೆಯ ಹಿಂದಿದೆ. ಅದರೊಂದಿಗಿನ ಸಂಪರ್ಕವೂ ಸಡಿಲವಾಗಿತ್ತು. ಪಾಳಿ ಮುಗಿದ ಬೆಳಿಗ್ಗೆ ನಲ್ಲಿಯ ಬಳಿ ನಡೆಯುವ ಜಗಳಗಳಿಗೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಕನಸು ಬೀಳುವ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲೇ ಹೆಚ್ಚು. ಆ ವೇಳೆ ಮಿದುಳಿನಲ್ಲಿ ಗಾಬರಿಗೆ ಸಂಬಂಧಪಟ್ಟ ನಾರ್‌ಅಡ್ರಿನಲಿನ್ ಎಂಬ ರಸ ತೀರ ಕಡಿಮೆಯಾಗಿರುತ್ತದೆ. ಆ ಹೊತ್ತಿನಲ್ಲಿ ನೆನಪು ಉಳಿದು ಅದರ ಉರಿ ಇಳಿಯುತ್ತದೆಂದು ಕೆಲವರ ವಾದ; ಉರಿಯೂ ಉಳಿಯುತ್ತದೆಂದು ಬೇರೆ ಕೆಲವರ ಪ್ರಯೋಗಗಳು ಹೇಳುತ್ತವೆ. ಈ ವ್ಯಾಜ್ಯ ಇತ್ಯರ್ಥವಾಗಿಲ್ಲ. ಆದರೆ ಮೊದಲ ಲೋಕಲಿಗಾಗಿ ಮೂರೂವರೆಗೆ ಏಳುವವನು ಕಳೆದುಕೊಳ್ಳುವುದು ಮುಖ್ಯವಾಗಿ ಈ ಕನಸಿನ ನಿದ್ದೆಯನ್ನೇ. ಬೇಗ ಏಳಲೇಬೇಕಾದವರು ಬೇಗ ಮಲಗುವುದೊಂದೇ ದಾರಿ. ಹಗಲು ಮಲಗುವವರು ಕಿಟಕಿಗೆ ದಪ್ಪ ಬಟ್ಟೆ ಕಟ್ಟಲಿ, ಪಾಳಿಯ ಕೊನೆಯ ಚಹಾ ಬಿಡಲಿ, ಮನೆಯವರು ಆ ನಾಲ್ಕೈದು ಗಂಟೆ ರೇಡಿಯೋ ಟೀವಿಗಳಿಗೆ ಬಿಡುವು ಕೊಡಲಿ. ಒಂದೇ ಖೋಲಿಯಲ್ಲಿ ಆರು ಜನರಿರುವಾಗ ಇದು ಕಷ್ಟವೆಂದು ನನಗೂ ಗೊತ್ತು.

ಅಪಘಾತವಾಗಿ ತಿಂಗಳು ಕಳೆದರೂ ಅದೇ ಕನಸು ಬಿದ್ದು ಬೆಚ್ಚಿ ಏಳುವವರು ಸುಮ್ಮನಿರಬಾರದು. ಠಾಣೆಯಲ್ಲಿ 1901ರಲ್ಲಿ ಸ್ಥಾಪಿತವಾದ ಸರಕಾರಿ ಮನೋರೋಗ ಆಸ್ಪತ್ರೆಯಿದೆ. ಅಲ್ಲಿಗೆ ಹೋಗಲು ಸಂಕೋಚವಾದರೆ ಅಥವಾ ಮರಾಠಿಯಲ್ಲಿ ಮನಸ್ಸಿನ ಮಾತು ಹೇಳಲು ಬಾರದಿದ್ದರೆ, ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು. ಭಾಷೆ ಕೇಳಿದಾಗ ಕನ್ನಡವನ್ನು ಆರಿಸಿಕೊಳ್ಳಬೇಕು.