ಅರೆಗಣ್ಣಿನ ಗೂಬೆಯೇ ಒಳ್ಳೆಯ ಚಿತ್ರ

ರಾಗಿ ಕೊಯ್ಲು ಮುಗಿದು ಹೊಲ ಬರಿದಾಗಿದೆ. ಬಣವೆಗಳ ಬುಡದಲ್ಲಿ ಇಲಿಗಳು ಸೇರಿಕೊಂಡಿವೆ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಕಲ್ಲುಗುಡ್ಡದ ನೆತ್ತಿಯಿಂದ ಎರಡು ಸ್ವರದ ಕೂಗು ಏಳುತ್ತದೆ, ಮೊದಲನೆಯದು ಗಿಡ್ಡ, ಎರಡನೆಯದು ದೀರ್ಘ. ಕೊಂಬಿನ ಗೂಬೆ ತನ್ನ ಗಡಿಯನ್ನು ಸಾರುತ್ತಿದೆ. ರಾಮನಗರದಿಂದ ತುಮಕೂರು, ಕೊಪ್ಪಳ, ಹಂಪಿಯವರೆಗೆ ಹಬ್ಬಿದ ಬಂಡೆಗಳ ನಾಡು ಈ ಹಕ್ಕಿಯ ತವರು. ಚಳಿಗಾಲದ ವಾರಾಂತ್ಯಗಳಲ್ಲಿ ಉದ್ದನೆಯ ಲೆನ್ಸ್ ಹೊತ್ತ ಛಾಯಾಗ್ರಾಹಕರೂ ಇದೇ ಗುಡ್ಡಗಳ ಬುಡಕ್ಕೆ ಬರುತ್ತಾರೆ.

ಬರುವುದು ತಪ್ಪಲ್ಲ. ಗೂಬೆಯಷ್ಟು ಹತ್ತಿರ ಬದುಕಿಯೂ ನಮಗೆ ಅಪರಿಚಿತವಾಗಿ ಉಳಿದ ಹಕ್ಕಿ ಇನ್ನೊಂದಿಲ್ಲ. ಅದನ್ನು ಜನರ ಕಣ್ಣಿಗೆ ಕಾಣಿಸುವ ಕೆಲಸವನ್ನು ಕ್ಯಾಮೆರಾ ಮಾಡಬಲ್ಲದು. ಆದರೆ ನಾವು ಮೆಚ್ಚುತ್ತಿರುವ ಗೂಬೆಯ ಚಿತ್ರ ಯಾವುದು ಎಂಬ ಪ್ರಶ್ನೆಯನ್ನು ಈಗ ಕೇಳಿಕೊಳ್ಳಲೇಬೇಕು.

ಮಾಗಿಯೇ ಏಕೆ?

ಚಳಿಗಾಲ ಗೂಬೆಗಳನ್ನು ಬಯಲಿಗೆ ತರುತ್ತದೆ. ಎಲೆ ಉದುರಿಸುವ ಮರಗಳು ಬೋಳಾಗುತ್ತಾ ಬಂದಂತೆ ಹಗಲು ಮಲಗುವ ಹಕ್ಕಿಗಳ ಮರೆ ತೆಳುವಾಗುತ್ತದೆ. ಹಳೆಯ ಹುಣಸೆ, ಆಲದ ಮರಗಳ ಪೊಟರೆಯ ಬಾಯಲ್ಲಿ ಹಾಲಕ್ಕಿ ಎಂಬ ಪುಟ್ಟ ಗೂಬೆಗಳು ಜೋಡಿಯಾಗಿ ಕೂತು ಎಳೆಬಿಸಿಲು ಕಾಯಿಸುತ್ತವೆ. ಉತ್ತರದ ಶೀತ ನಾಡುಗಳಲ್ಲಿ ಮರಿ ಮಾಡಿದ ಗಿಡ್ಡಕಿವಿಯ ಗೂಬೆ ವಲಸೆ ಬಂದು ನಮ್ಮ ಹುಲ್ಲುಗಾವಲಿನ ನೆಲದ ಮೇಲೇ ತಂಗುತ್ತದೆ. ಹಗಲಿನ ಬೆಳಕಿರುವಾಗಲೇ ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತಾ ಬೇಟೆಯಾಡುವುದು ಅದರ ರೂಢಿ. ಹಾರುವ ಗೂಬೆಯನ್ನು ಸಹಜ ಬೆಳಕಿನಲ್ಲಿ ಸೆರೆಹಿಡಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಅಪರೂಪ.

ಕೊಂಬಿನ ಗೂಬೆಗೆ ಇದೇ ಸಂಸಾರದ ಕಾಲವೂ ಹೌದು. ನವೆಂಬರಿನಿಂದ ಏಪ್ರಿಲ್‌ವರೆಗೆ ಅದು ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಕಡ್ಡಿ ತಂದು ಗೂಡು ಕಟ್ಟುವ ಹಕ್ಕಿ ಇದಲ್ಲ. ಬಂಡೆಯ ಸಂದಿಯಲ್ಲೋ, ಕೊರಕಲಿನ ಅಂಚಿನಲ್ಲೋ, ಪಾಳುಬಿದ್ದ ಕಲ್ಲುಕ್ವಾರಿಯಲ್ಲೋ ಬರಿನೆಲದ ಮೇಲೆ ಮೊಟ್ಟೆಯಿಡುತ್ತದೆ. ತಾಯಿ ಒಂದು ತಿಂಗಳಿಗೂ ಹೆಚ್ಚು ಕಾಲ ಕಾವು ಕೊಡಬೇಕು. ಹಗಲಲ್ಲಿ ಮನುಷ್ಯರು ಹತ್ತಿರ ಬಂದು ಅದು ಎದ್ದುಹೋದರೆ ಮೊಟ್ಟೆಗಳು ಬಿಸಿಲಿಗೂ ಕಾಗೆಗೂ ಬಯಲಾಗುತ್ತವೆ. ಎದ್ದ ಗೂಬೆಯ ಪಾಡೂ ಕಷ್ಟವೇ: ಕಾಗೆ, ಕಾಜಾಣಗಳು ಗುಂಪುಗೂಡಿ ಅಟ್ಟಿಸಿಕೊಂಡು ಹೋಗುತ್ತವೆ. ಛಾಯಾಗ್ರಾಹಕರಿಗೆ ಅನುಕೂಲವಾದ ತಿಂಗಳುಗಳೇ ಈ ಹಕ್ಕಿಗೆ ಅತ್ಯಂತ ನಾಜೂಕಿನ ತಿಂಗಳುಗಳು.

ಕಣ್ಣು ಹೇಳುವುದೇನು?

ಗೂಬೆಯ ಕಣ್ಣು ಗೋಲಿಯಂತೆ ಉರುಳುವುದಿಲ್ಲ. ಕೊಳವೆಯಾಕಾರದ ಆ ಕಣ್ಣು ಎಲುಬಿನ ಬಳೆಯೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಪಕ್ಕಕ್ಕೆ ನೋಡಬೇಕೆಂದರೆ ಇಡೀ ತಲೆಯನ್ನೇ ತಿರುಗಿಸಬೇಕು. ನಮ್ಮ ಕುತ್ತಿಗೆಯಲ್ಲಿ 7 ಮೂಳೆಗಳಿದ್ದರೆ ಗೂಬೆಗೆ 14. ತಲೆ 270 ಡಿಗ್ರಿಯವರೆಗೆ ಹೊರಳುತ್ತದೆ. ಕಣಜ ಗೂಬೆಯ ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ಸದ್ದು ಎರಡೂ ಕಿವಿಗೆ ತಲುಪುವಲ್ಲಿನ ಅತಿ ಸಣ್ಣ ವ್ಯತ್ಯಾಸದಿಂದಲೇ ಅದು ಕಗ್ಗತ್ತಲಲ್ಲಿ ಇಲಿಯ ಜಾಗವನ್ನು ಗುರುತಿಸುತ್ತದೆ. ಇಷ್ಟು ಸೂಕ್ಷ್ಮ ಕಿವಿಯ ಹಕ್ಕಿಗೆ ನಮ್ಮ ಪಿಸುಮಾತು, ಬೂಟಿನ ಸದ್ದು, ಶಟರಿನ ಟಕಟಕ ಎಲ್ಲವೂ ಕೇಳಿಸುತ್ತಿರುತ್ತವೆ.

ಮಲಗಿರುವ, ಯಾವ ಭಯವೂ ಇಲ್ಲದ ಗೂಬೆ ಗರಿ ಉಬ್ಬಿಸಿಕೊಂಡು ಕಣ್ಣನ್ನು ಅರ್ಧ ಮುಚ್ಚಿರುತ್ತದೆ. ಅಪಾಯ ಕಂಡಾಗ ಗರಿಗಳನ್ನು ಮೈಗೆ ಒತ್ತಿಕೊಂಡು ಸಪೂರವಾಗಿ ಸೆಟೆದು ನಿಲ್ಲುತ್ತದೆ, ಇಲ್ಲವೇ ಕಣ್ಣನ್ನು ಪೂರ್ತಿ ಅರಳಿಸಿ ನೆಟ್ಟನೋಟದಿಂದ ದಿಟ್ಟಿಸುತ್ತದೆ. ಹಾಲಕ್ಕಿಯಾದರೆ ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತದೆ. ನಡುಹಗಲಿನಲ್ಲಿ ತೆಗೆದ, ಕಿತ್ತಳೆ ಕಣ್ಣರಳಿಸಿ ನೇರ ಲೆನ್ಸಿಗೆ ದಿಟ್ಟಿಸುವ ಕೊಂಬಿನ ಗೂಬೆಯ ಚಿತ್ರವನ್ನು ನಾವು ಅದ್ಭುತ ಎನ್ನುತ್ತೇವೆ. ಬಹಳ ಸಲ ಅದು ನಿದ್ದೆಗೆಟ್ಟು ಗಾಬರಿಯಾದ ಹಕ್ಕಿಯ ಚಿತ್ರ. ಅರೆಗಣ್ಣಿನಲ್ಲಿ ತೂಕಡಿಸುವ ಗೂಬೆಯ ಚಿತ್ರಕ್ಕೆ ಮೆಚ್ಚುಗೆ ಕಡಿಮೆ. ನನ್ನ ದೃಷ್ಟಿಯಲ್ಲಿ ಶ್ರೇಷ್ಠ ಚಿತ್ರ ಅದೇ, ಏಕೆಂದರೆ ತೆಗೆದವರು ಅಲ್ಲಿದ್ದೂ ಹಕ್ಕಿಯ ದಿನ ಕೆಟ್ಟಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ.

ಎರಡು ಹಳೆಯ ಪ್ರಸಂಗ

ಬ್ರಿಟನ್ನಿನ ಎರಿಕ್ ಹಾಸ್ಕಿಂಗ್ ಪಕ್ಷಿ ಛಾಯಾಗ್ರಹಣದ ಹಿರಿಯರಲ್ಲಿ ಒಬ್ಬರು. 1937ರಲ್ಲಿ ವೇಲ್ಸ್‌ನಲ್ಲಿ ಟಾನಿ ಗೂಬೆಯ ಗೂಡಿನ ಬಳಿ ಚಿತ್ರ ತೆಗೆಯುವ ಕೆಲಸದಲ್ಲಿದ್ದಾಗ ತಾಯಿಹಕ್ಕಿ ಕತ್ತಲಲ್ಲಿ ಎರಗಿ ಅವರ ಎಡಗಣ್ಣಿಗೆ ಉಗುರು ನೆಟ್ಟಿತು. ಆ ಕಣ್ಣನ್ನು ಅವರು ಕಳೆದುಕೊಂಡರು. ಆಮೇಲೂ ದಶಕಗಳ ಕಾಲ ಒಂದೇ ಕಣ್ಣಿನಲ್ಲಿ ಗೂಬೆಗಳ ಚಿತ್ರ ತೆಗೆದರು. ಗೂಡಿನ ಬಳಿಯ ಗೂಬೆ ಎಷ್ಟು ಆತಂಕದಲ್ಲಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಇನ್ನೊಂದು ನಮ್ಮ ದೇಶದ್ದು. 1873ರಲ್ಲಿ ಪಕ್ಷಿತಜ್ಞ ಎ.ಓ. ಹ್ಯೂಮ್ ಮೊದಲು ವಿವರಿಸಿದ ಅಡವಿ ಹಾಲಕ್ಕಿ 1884ರ ನಂತರ ಯಾರಿಗೂ ಖಚಿತವಾಗಿ ಸಿಕ್ಕಿರಲಿಲ್ಲ. ಅಳಿದೇಹೋಯಿತು ಎಂದು ಹಲವರು ನಂಬಿದ್ದರು. 1997ರ ನವೆಂಬರಿನಲ್ಲಿ ಪಕ್ಷಿತಜ್ಞೆ ಪಮೆಲಾ ರಾಸ್ಮುಸೆನ್ ಮತ್ತು ಜೊತೆಗಾರರು ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಹಗಲು ಬೆಳಕಿನಲ್ಲೇ ಅದನ್ನು ಕಂಡರು. ಹಿಂದಿನ ತಲೆಮಾರಿನವರು ಗುಂಡು ಹೊಡೆದು ಮಾದರಿ ಸಂಗ್ರಹಿಸುತ್ತಿದ್ದರು. ಈ ಬಾರಿ ಫೋಟೊ, ವಿಡಿಯೊಗಳೇ ಪುರಾವೆಯಾದವು, 113 ವರ್ಷಗಳ ನಂತರ ಸಿಕ್ಕ ಹಕ್ಕಿ ಅದೇ ಕಾಡಿನಲ್ಲಿ ಜೀವಂತ ಉಳಿಯಿತು. ಕ್ಯಾಮೆರಾದ ನಿಜವಾದ ಘನತೆ ಇದು.

ದೂರವೇ ಕೌಶಲ

ಹಾಗಾದರೆ ಚಿತ್ರ ತೆಗೆಯುವುದು ಹೇಗೆ? ಕಾರಿನಿಂದ ಇಳಿಯದಿರುವುದು ಮೊದಲ ಪಾಠ. ಹಳ್ಳಿಯ ದಾರಿಯ ಹಕ್ಕಿಗಳು ವಾಹನಕ್ಕೆ ಹೊಂದಿಕೊಂಡಿರುತ್ತವೆ, ನಡೆದು ಬರುವ ಮನುಷ್ಯನಿಗಲ್ಲ. ಎಂಜಿನ್ ಆರಿಸಿ, ಕಿಟಕಿಯ ಮೇಲೆ ಕಾಳಿನ ಚೀಲವಿಟ್ಟು, 500 ಅಥವಾ 600 ಎಂಎಂ ಲೆನ್ಸನ್ನು ಅದರ ಮೇಲೆ ಊರಿದರೆ ಕೈನಡುಕ ತಗ್ಗುತ್ತದೆ. ಅಲುಗಾಡದೆ ಕೂರುವುದು ಗೂಬೆಯ ಗುಣ; ಮುಸ್ಸಂಜೆಯಲ್ಲೂ ಸೆಕೆಂಡಿನ 30ನೇ ಒಂದು ಭಾಗದ ವೇಗದಲ್ಲಿ ಸ್ಪಷ್ಟ ಚಿತ್ರ ಸಾಧ್ಯ. ಇಂದಿನ ಕ್ಯಾಮೆರಾಗಳು 6400 ಐಎಸ್‌ಒದಲ್ಲೂ ಒಳ್ಳೆಯ ಫಲ ಕೊಡುತ್ತವೆ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹೊಂದಿವೆ. ಹೀಗಿರುವಾಗ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಫ್ಲಾಶ್, ಟಾರ್ಚ್ ಹಾಯಿಸಲು ಯಾವ ಸಬೂಬೂ ಉಳಿದಿಲ್ಲ. ಹಕ್ಕಿ ಚೌಕಟ್ಟಿನಲ್ಲಿ ಚಿಕ್ಕದಾಗಿ ಕಂಡರೆ ಬಂಡೆ, ಆಕಾಶ, ಒಣಹುಲ್ಲು ಅದರ ಬದುಕನ್ನು ಹೇಳುತ್ತವೆ.

ಮೊಬೈಲಿನಲ್ಲಿ ಕೂಗು ಕೇಳಿಸಿ ಕರೆಯುವುದು ಇನ್ನೂ ಕೆಟ್ಟದ್ದು. ಗಡಿ ಕಾಯುವ ಹಕ್ಕಿಗೆ ಅದು ಶತ್ರು ನುಗ್ಗಿದ ಸೂಚನೆ. ಬೇಟೆಯನ್ನೂ ಮರಿಯನ್ನೂ ಬಿಟ್ಟು ಅದು ಕಾದಾಟಕ್ಕೆ ಬರುತ್ತದೆ. ನೆಲದ ಮೇಲೆ ಮಲಗುವ ಗಿಡ್ಡಕಿವಿಯ ಗೂಬೆಯಿರುವಲ್ಲಿ ಜೀಪು ನುಗ್ಗಿಸಿ ಹಕ್ಕಿ ಎಬ್ಬಿಸುವುದಂತೂ ಹಿಂಸೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿದ್ದು ಇಂಥ ನೆಲದ ಬೆಲೆ ಅರಿತೇ. ‘ಪಾಳುಭೂಮಿ’ ಎಂದು ಬರೆದಿಟ್ಟ ಎಷ್ಟೋ ಹುಲ್ಲುಗಾವಲುಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಸ್ಥಳದ ಗುಟ್ಟು

ಗೂಬೆಯ ಚಿತ್ರದೊಡನೆ ಊರಿನ ಹೆಸರು ಹಾಕುವುದು ಏಕೆ ಅಪಾಯ? ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿ ಅದಕ್ಕೆ ಉತ್ತರ. ದೇಶದ ಸುಮಾರು 30 ಬಗೆಯ ಗೂಬೆಗಳಲ್ಲಿ 15 ಬಗೆಯವು ಕಳ್ಳವ್ಯಾಪಾರದಲ್ಲಿ ಸಿಗುತ್ತವೆ, ಮಾಟಮಂತ್ರ, ಬಲಿಗಾಗಿ ದೀಪಾವಳಿಯ ಹೊತ್ತಿಗೆ ಬೇಡಿಕೆ ಏರುತ್ತದೆ ಎಂದು ಅದು ಹೇಳಿತು. ದೊಡ್ಡ ಗಾತ್ರದ, ಕೊಂಬಿನಂಥ ಗರಿಯುಳ್ಳ ಗೂಬೆಗಳಿಗೇ ಹೆಚ್ಚು ಬೆಲೆ. ಗೂಬೆ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದರೂ ನಕ್ಷೆಯ ಗುರುತಿನೊಡನೆ ಬಂದ ಒಂದು ಪೋಸ್ಟ್ ಬೇಟೆಗಾರನ ಅರ್ಧ ಕೆಲಸವನ್ನು ಮುಗಿಸಿಕೊಡುತ್ತದೆ. ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಪಕ್ಷಿವೀಕ್ಷಕರ ದಾಖಲೆ ತಾಣ ಇಬರ್ಡ್ ಸಾರ್ವಜನಿಕರಿಗೆ ತೋರಿಸದಿರುವುದು ಈ ಕಾರಣಕ್ಕೇ.

ಜಾಗ ಮುಚ್ಚಿಟ್ಟರೂ ಚಿತ್ರವನ್ನು ಜನರಿಗೆ ತೋರಿಸಲು ಕಾರಣವಿದೆ. ಕಲ್ಲುಗುಡ್ಡದ ಕೊಂಬಿನ ಗೂಬೆ ಜೀರ್ಣವಾಗದೆ ಉಗುಳಿದ ಉಂಡೆಗಳನ್ನು ಬಿಡಿಸಿ ನೋಡಿದ ಸಂಶೋಧಕರಿಗೆ ಹೆಚ್ಚಾಗಿ ಸಿಕ್ಕಿದ್ದು ಹೊಲದ ಇಲಿ, ಹೆಗ್ಗಣಗಳ ಎಲುಬು. ಅಪಶಕುನವೆಂದು ಕಲ್ಲು ಹೊಡೆಸಿಕೊಳ್ಳುವ ಹಕ್ಕಿ ರೈತನ ಕಣಜ ಕಾಯುತ್ತಿದೆ. ಈ ಮಾತನ್ನು ಊರಿಗೆ ತಲುಪಿಸಲು ಭಾಷಣಕ್ಕಿಂತ ಒಂದು ಒಳ್ಳೆಯ ಚಿತ್ರ ಹೆಚ್ಚು ಕೆಲಸ ಮಾಡುತ್ತದೆ.

ಆದ್ದರಿಂದ ಈ ಚಳಿಗಾಲ ಗೂಬೆಯನ್ನು ಹುಡುಕಿ ಹೊರಡುವವರು ಖಂಡಿತ ಹೊರಡಿ. ಗೂಡಿನ ಹತ್ತಿರ ಹೋಗಬೇಡಿ, ಕೂಗು ಕೇಳಿಸಬೇಡಿ, ಬೆಳಕು ಹಾಯಿಸಬೇಡಿ, ಜಾಗದ ಹೆಸರು ಹೇಳಬೇಡಿ. ಹಕ್ಕಿ ನಿಮ್ಮತ್ತ ಕಣ್ಣರಳಿಸಿ ದಿಟ್ಟಿಸತೊಡಗಿದರೆ ಹಿಂದೆ ಸರಿಯಿರಿ. ತೆಗೆದ ಚಿತ್ರದ ಒಂದು ಪ್ರತಿಯನ್ನು ಆ ಗುಡ್ಡದ ಬುಡದ ಹಳ್ಳಿಯ ಶಾಲೆಗೆ ಕೊಟ್ಟು ಬನ್ನಿ. ಆ ಗೂಬೆಯನ್ನು ವರ್ಷವಿಡೀ ಕಾಯಬೇಕಾದವರು ಅಲ್ಲಿನ ಮಕ್ಕಳು.