ಅಚ್ಚುಕಟ್ಟಿನಾಚೆಯ ದೇವಸಮುದ್ರ

08198. ಇದು ಮೊಳಕಾಲ್ಮೂರಿನ ಎಸ್‌ಟಿಡಿ ಕೋಡ್. ಗಾಜಿನ ಬೂತಿನೊಳಗೆ ನಿಂತು, ಕೆಂಪು ಅಂಕಿಗಳು ಓಡುವುದನ್ನೇ ನೋಡುತ್ತ ಆತುರಾತುರವಾಗಿ ಮಾತಾಡಿದ ತಲೆಮಾರಿಗೆ ಇದು ಇನ್ನೂ ಬಾಯಿಪಾಠ. ಪಕ್ಕದ ಚಳ್ಳಕೆರೆಗೆ 08195. ಈ ಕೋಡ್‌ಗಳ ಹಿಂದೆ ದೂರಸಂಪರ್ಕ ಇಲಾಖೆಯ ಒಂದು ನಕಾಶೆ ಇತ್ತು. ದೇಶವನ್ನು ಹೆಚ್ಚುಕಡಿಮೆ ತಾಲ್ಲೂಕಿನಷ್ಟು ಅಗಲದ ತುಂಡುಗಳಾಗಿ ಕೊಯ್ದು, ಒಂದೊಂದು ತುಂಡನ್ನೂ ‘ಶಾರ್ಟ್ ಡಿಸ್ಟೆನ್ಸ್ ಚಾರ್ಜಿಂಗ್ ಏರಿಯಾ’ ಎಂದು ಕರೆದಿದ್ದರು. ಕರೆಯ ದರ ಲೆಕ್ಕಹಾಕಲು ಮಾಡಿಕೊಂಡ ಏರ್ಪಾಡು ಅದು. 2010ರಲ್ಲಿ ಅದೇ ತುಂಡು, ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಂಥ ಊರಿಗೆ ತಂತಿಯಿಲ್ಲದ ಬ್ರಾಡ್‌ಬ್ಯಾಂಡ್ ಬರಲೇಬೇಕೋ ಬರದಿದ್ದರೂ ನಡೆಯುತ್ತದೋ ಎಂಬುದಕ್ಕೆ ಅಳತೆಗೋಲಾಯಿತು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ವೈಮ್ಯಾಕ್ಸ್. ಅದನ್ನು ಬೆಳೆಸಲೆಂದೇ 2001ರಲ್ಲಿ ಕಂಪನಿಗಳು ಸೇರಿ ವೈಮ್ಯಾಕ್ಸ್ ಫೋರಂ ಕಟ್ಟಿಕೊಂಡವು. ಇಂಟೆಲ್ ಅದರ ಬೆನ್ನಿಗೆ ನಿಂತಿತು. ಪ್ರಚಾರವೆಲ್ಲ ಎರಡು ಸಂಖ್ಯೆಗಳ ಮೇಲೆ ನಡೆಯಿತು: ಒಂದು ಗೋಪುರದಿಂದ ಐವತ್ತು ಕಿಲೋಮೀಟರ್ ದೂರ, ಸೆಕೆಂಡಿಗೆ 70 ಮೆಗಾಬಿಟ್ ವೇಗ. ನೆಲ ಅಗೆಯುವುದು ಬೇಡ, ಕಂಬ ನೆಡುವುದು ಬೇಡ, ಚಾವಣಿಯ ಮೇಲೊಂದು ಪೆಟ್ಟಿಗೆ ಇಟ್ಟರಾಯಿತು. ಹಳ್ಳಿಗಳ ನಾಡಿಗೆ ಇದಕ್ಕಿಂತ ಹೇಳಿ ಮಾಡಿಸಿದ ತಂತ್ರಜ್ಞಾನ ಇಲ್ಲವೆಂದು ನಂಬಿದವರಲ್ಲಿ ಪ್ರಾಮಾಣಿಕರೂ ಬಹಳ ಮಂದಿ ಇದ್ದರು. ಆದರೆ ದೂರ ಬೇಕೆಂದರೆ ವೇಗ ಬಿಡಬೇಕು, ವೇಗ ಬೇಕೆಂದರೆ ಗೋಪುರದ ಬುಡದಲ್ಲಿರಬೇಕು. ಎರಡು ಸಂಖ್ಯೆಗಳೂ ಒಂದೇ ಮನೆಗೆ ಸಿಗುವಂಥವಲ್ಲ.

ಅದರಲ್ಲೂ ಮೊಳಕಾಲ್ಮೂರು ಸೀಮೆಯ ಬೆಟ್ಟಗಳೆಂದರೆ ಮಣ್ಣಿನ ದಿಬ್ಬಗಳಲ್ಲ. ಹೆಬ್ಬಂಡೆಯ ಮೇಲೆ ಹೆಬ್ಬಂಡೆ ಪೇರಿಸಿದ ಕಲ್ಲಿನ ರಾಶಿಗಳು. ನುಂಕೆಮಲೆಯನ್ನೋ ಜಟಿಂಗ ರಾಮೇಶ್ವರವನ್ನೋ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೆಯ ಮೊಬೈಲ್ ಸೇವೆಯ 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಬ್ರಾಡ್‌ಬ್ಯಾಂಡಿಗೆಂದು ಹರಾಜಿಗಿಟ್ಟ 2.3 ಗಿಗಾಹರ್ಟ್ಸ್ ಅಲೆಯದು ಹದಿಮೂರೇ ಸೆಂಟಿಮೀಟರ್. ಅಲೆ ಗಿಡ್ಡವಾದಷ್ಟೂ ಬಂಡೆಯನ್ನು ಬಳಸಿಕೊಂಡು ಬಾಗಿ ಹೋಗುವ ಶಕ್ತಿ ಕಡಿಮೆ, ಗೋಡೆಯೊಳಗೆ ನುಗ್ಗುವ ಶಕ್ತಿಯೂ ಕಡಿಮೆ. ಬಯಲಿನಲ್ಲಿ ಒಂದು ಗೋಪುರ ಸಾಕಾಗುವ ಕಡೆ ಇಂಥ ನೆಲದಲ್ಲಿ ಎರಡು ಮೂರು ಬೇಕು. ಗೋಪುರ ಹೆಚ್ಚಿತು, ಗಿರಾಕಿ ಹೆಚ್ಚಲಿಲ್ಲ ಎಂದಾದರೆ ಕಂಪನಿಯ ಲೆಕ್ಕ ಅಲ್ಲೇ ಮುರಿದುಬೀಳುತ್ತದೆ.

ಈ ಅಲೆಗಳ ಹರಾಜು 2010ರ ಮೇ 24ರಂದು ಶುರುವಾಗಿ ಜೂನ್ 11ಕ್ಕೆ ಮುಗಿಯಿತು. ಇಡೀ ದೇಶಕ್ಕೆ 1,750 ಕೋಟಿ ರೂಪಾಯಿ ಎಂದು ಸರ್ಕಾರ ಕೂಗಿದ ಮೂಲಬೆಲೆ, ಕೊನೆಯ ಸುತ್ತಿಗೆ 12,847 ಕೋಟಿಗೆ ಏರಿತ್ತು. ದೇಶದ ಇಪ್ಪತ್ತೆರಡೂ ದೂರಸಂಪರ್ಕ ವಲಯಗಳನ್ನು ಗೆದ್ದದ್ದು ಇನ್ಫೋಟೆಲ್ ಎಂಬ, ಜನ ಹೆಸರೇ ಕೇಳದ ಕಂಪನಿ. ಅದೇ ದಿನ ರಿಲಯನ್ಸ್ ಇಂಡಸ್ಟ್ರೀಸ್ ಅದರ 95 ಪ್ರತಿಶತ ಪಾಲನ್ನು 4,800 ಕೋಟಿಗೆ ಕೊಂಡಿತು. ಕರ್ನಾಟಕದ ಎರಡನೆಯ ಅಲೆಪಟ್ಟಿ ಏರ್‌ಟೆಲ್‌ಗೆ ಹೋಯಿತು. ನಮ್ಮ ರಾಜ್ಯದ ಗಾಳಿಯಲ್ಲಿ ಇಪ್ಪತ್ತು ಮೆಗಾಹರ್ಟ್ಸ್‌ನ ಆ ಪಟ್ಟಿಗೆ ಬಿದ್ದ ಬೆಲೆ 1,543 ಕೋಟಿ ರೂಪಾಯಿ. ಒಂದೂ ಗೋಪುರ ಎಬ್ಬಿಸುವ ಮೊದಲೇ ತೆತ್ತ ದುಡ್ಡು ಅದು.

ಈಗ 08198ಕ್ಕೆ ಬರೋಣ. ಹರಾಜಿನ ನಿಯಮದಲ್ಲಿ ಹಳ್ಳಿಗಳ ಪರವಾಗಿ ಒಂದು ಷರತ್ತು ಇತ್ತು: ಗೆದ್ದವರು ಐದು ವರ್ಷದೊಳಗೆ ವಲಯದ ಗ್ರಾಮೀಣ ತುಂಡುಗಳಲ್ಲಿ ಕನಿಷ್ಠ ಅರ್ಧದಷ್ಟಕ್ಕೆ ಸೇವೆ ತಲುಪಿಸಬೇಕು. ಕೇಳಲು ನ್ಯಾಯವಾಗಿದೆ. ಆದರೆ ತುಂಡಿಗೆ ಸೇವೆ ತಲುಪಿತು ಎಂದರೆ ಏನು? ಅಲ್ಲಿನ ನಗರಾಡಳಿತದ ಗಡಿಯೊಳಗಿನ ಪ್ರದೇಶದ 90 ಪ್ರತಿಶತಕ್ಕೆ, ಅದೂ ಬೀದಿಯಲ್ಲಿ ನಿಂತರೆ, ಸಿಗ್ನಲ್ ಸಿಕ್ಕಬೇಕು, ಅಷ್ಟೇ. ಮೊಳಕಾಲ್ಮೂರು ಪಟ್ಟಣದ ಬೀದಿಗಳಲ್ಲಿ ಸಿಗ್ನಲ್ ಬಂದರೆ ಇಡೀ 08198 ‘ಗ್ರಾಮೀಣ ಸೇವೆ’ಯ ಲೆಕ್ಕಕ್ಕೆ ಜಮೆ. ದೇವಸಮುದ್ರ ಹೋಬಳಿ, ಅದರ ಹಟ್ಟಿಗಳು, ಆಂಧ್ರದ ಗಡಿಗೆ ತಾಗಿಕೊಂಡ ಊರುಗಳು ಆ ಲೆಕ್ಕದ ಒಳಗೂ ಇಲ್ಲ, ಹೊರಗೂ ಇಲ್ಲ. ಜತೆಗೆ, ಅರ್ಧ ತುಂಡುಗಳು ಸಾಕು ಎಂದ ಮೇಲೆ ಮೊಳಕಾಲ್ಮೂರನ್ನೇ ಬಿಟ್ಟರೂ ಕೇಳುವವರಿಲ್ಲ.

ಕೆರೆಗೇ ಸಮುದ್ರವೆಂದು ಹೆಸರಿಟ್ಟ ಸೀಮೆ ಇದು. ದೇವಸಮುದ್ರ, ಅತ್ತ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ. ಕೆರೆಯ ಲೆಕ್ಕ ಬಲ್ಲವರು ನೀರಿನ ವಿಸ್ತಾರಕ್ಕಿಂತ ಅಚ್ಚುಕಟ್ಟು ಎಷ್ಟು ಎಂದು ಮೊದಲು ಕೇಳುತ್ತಾರೆ. ತೂಬಿನ ಬಾಯಿಯ ಹತ್ತಿರದ ಗದ್ದೆಗೆ ನೀರು ಹಾಯಿಸಿ, ಅಚ್ಚುಕಟ್ಟೆಲ್ಲ ತೊಯ್ದಿತು ಎಂದು ಬರೆಸಿದ ನೀರುಗಂಟಿಯನ್ನು ಊರು ಸುಮ್ಮನೆ ಬಿಡುತ್ತಿರಲಿಲ್ಲ. ದೆಹಲಿಯಲ್ಲಿ ಬರೆದ ಷರತ್ತು ಅಂಥದೇ ಲೆಕ್ಕಕ್ಕೆ ಅವಕಾಶ ಮಾಡಿಕೊಟ್ಟಿತು. ವೈಮ್ಯಾಕ್ಸ್ ಸೋತದ್ದಕ್ಕೆ ಎಂಜಿನಿಯರುಗಳು ಹತ್ತು ಕಾರಣ ಕೊಡುತ್ತಾರೆ, ಎಲ್ಲವೂ ನಿಜ. ಹಳ್ಳಿಯ ಮಟ್ಟಿಗೆ ನನ್ನನ್ನು ಹೆಚ್ಚು ಕಾಡುವುದು ಮಾತ್ರ ಅಳತೆಯ ಈ ಒಂದು ಸಾಲು.

ಸರ್ಕಾರಿ ಸ್ವಾಮ್ಯದ ಬಿಎಸ್‌ಎನ್‌ಎಲ್ ಕತೆ ಇನ್ನೂ ನೋವಿನದು. ಖಾಸಗಿಯವರಿಗಿಂತ ಮೊದಲೇ ಅದಕ್ಕೆ 2.5 ಗಿಗಾಹರ್ಟ್ಸ್‌ನ ಅಲೆ ಹಂಚಿಕೆಯಾಗಿತ್ತು. ವೈಮ್ಯಾಕ್ಸ್ ಹಾಕಿ ಹಳ್ಳಿಯ ಸಾಮಾನ್ಯ ಸೇವಾ ಕೇಂದ್ರಗಳಿಗೆ ಸಂಪರ್ಕ ಕೊಡುವ ಯೋಜನೆಯೂ ಇತ್ತು. ಹರಾಜು ಮುಗಿದ ಮೇಲೆ, ಅಲ್ಲಿ ಬಿದ್ದ ಬೆಲೆಯನ್ನೇ ನೀವೂ ಕಟ್ಟಿ ಎಂದು ಸರ್ಕಾರ ಹೇಳಿತು. ಖಾಸಗಿಯವರ ಪೈಪೋಟಿಯಲ್ಲಿ ಏರಿದ ಬೆಲೆ ಅದು. ಬಿಎಸ್‌ಎನ್‌ಎಲ್ ಕಟ್ಟಿದ್ದು 8,313 ಕೋಟಿ. ಕೆಲವೇ ವರ್ಷಗಳಲ್ಲಿ ಕರ್ನಾಟಕವೂ ಸೇರಿ ಆರು ವಲಯಗಳ ಅಲೆಯನ್ನು ಹಿಂದಿರುಗಿಸಿ, 6,724 ಕೋಟಿ ವಾಪಸ್ ಕೊಡಿ ಎನ್ನಬೇಕಾಯಿತು. ಕೇಂದ್ರ ಸಂಪುಟ ಒಪ್ಪಿತು. ಹಳ್ಳಿಗೆ ಹೋಗಲೇಬೇಕಾದ ಹೊಣೆ ಯಾರಿಗಿತ್ತೋ ಅವರ ಕೈಯಿಂದಲೇ ಕರ್ನಾಟಕದ ಅಲೆ ಜಾರಿತು.

ಬೆಂಗಳೂರಿನಲ್ಲಿ ಏನಾಯಿತು? ಟಾಟಾ ಕಮ್ಯುನಿಕೇಷನ್ಸ್ 2008ರಲ್ಲೇ ವೈಮ್ಯಾಕ್ಸ್ ಸೇವೆಯನ್ನು ದೊಡ್ಡದಾಗಿ ಘೋಷಿಸಿತ್ತು, ನಗರದ ಮನೆಗಳ ಮೇಲೆ ಪೆಟ್ಟಿಗೆಗಳೂ ಕೂತವು. ಅಷ್ಟರಲ್ಲಿ ಜಗತ್ತು ಎಲ್‌ಟಿಇ ಎಂಬ ಪೈಪೋಟಿಯ ತಂತ್ರಜ್ಞಾನದ ಕಡೆ ಹೊರಳಿತು. ಅಮೆರಿಕದಲ್ಲಿ ಸ್ಪ್ರಿಂಟ್ 2008ರಲ್ಲಿ ಬಾಲ್ಟಿಮೋರ್‌ನಿಂದ ಶುರುಮಾಡಿದ ವೈಮ್ಯಾಕ್ಸ್ ಜಾಲವನ್ನು 2015ರ ಕೊನೆಯಲ್ಲಿ ಮುಚ್ಚತೊಡಗಿತು; ಇಂಟೆಲ್ ತನ್ನ ವೈಮ್ಯಾಕ್ಸ್ ವಿಭಾಗವನ್ನು 2010ರಲ್ಲೇ ಮುಚ್ಚಿತ್ತು. ಏರ್‌ಟೆಲ್ ಕರ್ನಾಟಕದಲ್ಲಿ ಕೊಂಡ ಅಲೆಯ ಮೇಲೆ ಎಲ್‌ಟಿಇ ಹರಿಸಿ, 2012ರ ಮೇ 7ರಂದು ಬೆಂಗಳೂರಿನಲ್ಲಿ 4ಜಿ ಆರಂಭಿಸಿತು. ಆ ಹೊತ್ತಿನ ಮೋಡೆಮ್‌ಗೆ ಎಂಟು ಸಾವಿರ ರೂಪಾಯಿಯ ಆಸುಪಾಸು. ಶೇಂಗಾ ಬೆಳೆದು, ಮಳೆ ಕೈಕೊಟ್ಟರೆ ಬೆಳೆ ವಿಮೆಯ ದಾರಿ ನೋಡುವ ಮನೆಯಲ್ಲಿ ಎಂಟು ಸಾವಿರ ಅಂದರೆ ಬಿತ್ತನೆ ಬೀಜದ ದುಡ್ಡು.

ಇದಕ್ಕೂ ಮುಂಚೆ, 2003ರ ಸುಮಾರಿಗೆ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಡಾಕ್‌ನೆಟ್ ಎಂದು ಹೆಸರು. ಸರ್ಕಾರಿ ಬಸ್ಸಿಗೆ ಒಂದು ವೈಫೈ ಆಂಟೆನಾ ಕಟ್ಟಿದರು. ಬಸ್ಸು ಹಳ್ಳಿಯ ಕಿಯಾಸ್ಕ್ ಮುಂದೆ ಹಾದಾಗ ಪಹಣಿಯ ಅರ್ಜಿಗಳು ತಾವಾಗಿಯೇ ಬಸ್ಸಿಗೆ ಏರುತ್ತಿದ್ದವು. ತಾಲ್ಲೂಕು ಕೇಂದ್ರ ತಲುಪಿದಾಗ ಭೂದಾಖಲೆಯ ‘ಭೂಮಿ’ ಕಂಪ್ಯೂಟರಿಗೆ ಇಳಿಯುತ್ತಿದ್ದವು. ಉತ್ತರ ಮರಳಿ ಬರುವ ಬಸ್ಸಿನಲ್ಲಿ. ವೇಗದ ಹಂಗಿಲ್ಲದೆ, ಊರಿಗೆ ಆಗಲೇ ಬರುತ್ತಿದ್ದ ಕೆಂಪು ಬಸ್ಸನ್ನೇ ಜಾಲವಾಗಿಸಿದ ಬುದ್ಧಿ ಅದು. ಶುರುವಿನ ಪ್ರಶ್ನೆಯೇ ‘ಈ ಊರಿಗೆ ಈಗ ಏನು ತಲುಪುತ್ತಿದೆ?’ ಎಂಬುದಾಗಿತ್ತು.

ಮೊಳಕಾಲ್ಮೂರಿನ ನೆಲಕ್ಕೂ ಈ ಪ್ರಶ್ನೆ ಹಳೆಯದೇ. 1892ರಲ್ಲಿ ಬಿ. ಎಲ್. ರೈಸ್ ಇಲ್ಲಿ ಗುರುತಿಸಿದ ಅಶೋಕನ ಶಾಸನದ ಆರಂಭದಲ್ಲೇ ಸಂದೇಶ ಬಂದ ದಾರಿಯ ವಿವರವಿದೆ: ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳಿಂದ ಇಲ್ಲಿನ ಇಸಿಲದ ಮಹಾಮಾತ್ರರಿಗೆ. ಇಸಿಲಕ್ಕೆ ತಲುಪಿತೆಂದು ಕೆಲಸ ನಿಲ್ಲಲಿಲ್ಲ. ಕೆಲವೇ ಮೈಲಿಗಳ ಅಂತರದಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂದು ಮೂರು ಕಡೆ ಅದನ್ನೇ ಮತ್ತೆ ಮತ್ತೆ ಕೊರೆಸಿದರು.

2010ರ ಹರಾಜಿನಲ್ಲಿ ಕೊಂಡ ಅಲೆ ದೊಡ್ಡ ಪ್ರಮಾಣದಲ್ಲಿ ಜನರ ಕೈಗೆ ಬರಲು ಆರು ವರ್ಷ ಬೇಕಾಯಿತು. ರಿಲಯನ್ಸ್‌ನ ಜಿಯೋ 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿತು, ಮರುವರ್ಷ 1,500 ರೂಪಾಯಿ ಠೇವಣಿಯ ಮೇಲೆ ಫೋನನ್ನೂ ಕೊಟ್ಟಿತು. ಎಂಟು ಸಾವಿರದ ಮೋಡೆಮ್ ಮಾಡಲಾರದ್ದನ್ನು ಆ ಫೋನು ಮಾಡಿತು. ಮನೆಗೆ ಬ್ರಾಡ್‌ಬ್ಯಾಂಡ್ ಎಂದು ಕನಸಿದ್ದು ಅಂಗೈಯ ಡೇಟಾ ಆಗಿ ಬಂತು. ಇದು ಸಣ್ಣ ಸಾಧನೆಯಲ್ಲ. ಆದರೂ ಅಂಗೈಯ ಡೇಟಾ ಮತ್ತು ಊರಿನ ಸಂಪರ್ಕ ಎರಡೂ ಒಂದೇ ಅಲ್ಲ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಶಿಕ್ಷಣ ಇಲಾಖೆ ‘ವಿದ್ಯಾಗಮ’ ತಂದಿತು. ಮಕ್ಕಳನ್ನು ಮೊಬೈಲ್ ಇರುವವರು, ಇಂಟರ್‌ನೆಟ್ ಇರುವವರು, ಯಾವುದೂ ಇಲ್ಲದವರು ಎಂದು ವಿಂಗಡಿಸಿ ಮೇಷ್ಟ್ರುಗಳೇ ಊರೂರಿಗೆ ಹೋಗಬೇಕಾಯಿತು. 2023ರ ಜನವರಿಯಿಂದ ಉದ್ಯೋಗ ಖಾತರಿ ಕೂಲಿಕಾರರ ಹಾಜರಿ ದಿನಕ್ಕೆರಡು ಸಲ ಆ್ಯಪ್‌ನಲ್ಲಿ ಫೋಟೊ ಹಿಡಿಯುವುದಕ್ಕೆ ಬದಲಾಯಿತು. ಫೋಟೊ ಮೇಲೇರದಿದ್ದರೆ ಆ ದಿನದ ಕೂಲಿ ತೂಗಾಡುತ್ತದೆ. ಪಡಿತರದ ಹೆಬ್ಬೆಟ್ಟು, ಪಹಣಿ, ವಿಮೆಯ ನೋಂದಣಿ, ಎಲ್ಲಕ್ಕೂ ಹಳ್ಳಿಯ ಕೌಂಟರ್ ಮುಂದೆ ಕೇಳಿಬರುವ ಮಾತು ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಕೂಲಿ ಬಿಟ್ಟು ಬಂದ ಹೆಂಗಸಿಗೆ ನಾಳೆ ಅಂದರೆ ಇನ್ನೊಂದು ದಿನದ ಕೂಲಿ.

ಎಷ್ಟೋ ಸಲ ಕೆಟ್ಟಿರುವುದು ದೂರದ ಸರ್ವರ್ ಅಲ್ಲ, ಇಲ್ಲಿನ ತೂಬು. ಫೋನಿನಿಂದ ಗೋಪುರದವರೆಗಿನ ದಾರಿಯಷ್ಟೇ ಗೋಪುರದಿಂದ ಆಚೆಗಿನ ದಾರಿಯೂ ಮುಖ್ಯ. ಅದಕ್ಕೆ ಫೈಬರ್ ಬೇಕು. 2011ರ ಅಕ್ಟೋಬರಿನಲ್ಲಿ ಕೇಂದ್ರ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಗುರಿ ಹೊತ್ತದ್ದು ಇದಕ್ಕೇ. ಪಂಚಾಯ್ತಿವರೆಗೆ ಫೈಬರ್, ಅಲ್ಲಿಂದ ಹಟ್ಟಿಗಳಿಗೆ ಗಾಳಿಯ ಅಲೆ: ಬಂಡೆಗಳ ನಾಡಿಗೆ ಒಗ್ಗುವ ಕೂಡಿಕೆ ಇದೇ ಎಂದು ನಾನು ನಂಬಿದ್ದೇನೆ. ಫೈಬರ್ ಬಂದಿದೆ ಎಂದು ಗುರುತು ಹಾಕುವುದಲ್ಲ, ಅದು ದಿನವೂ ಉಸಿರಾಡುವಂತೆ ನೋಡಿಕೊಳ್ಳುವ ಕೈಯೊಂದು ಊರಲ್ಲೇ ಇರಬೇಕು.

ಈಗ ತಂತಿಯಿಲ್ಲದೆ ಮನೆಗೆ ಬ್ರಾಡ್‌ಬ್ಯಾಂಡ್ ತರುವ ಏರ್‌ಫೈಬರ್ ಬಂದಿದೆ. ಚಾವಣಿಯ ಮೇಲೆ ಮತ್ತೆ ಪೆಟ್ಟಿಗೆ. 2022ರಲ್ಲಿ 5ಜಿಗೆಂದು ಹರಾಜಾದ ಅಲೆಗಳಲ್ಲಿ ಮುಖ್ಯವಾದ ಒಂದು ಪಟ್ಟಿ 3.3 ಗಿಗಾಹರ್ಟ್ಸ್‌ನಿಂದ ಶುರುವಾಗುತ್ತದೆ, ಅಂದು ಟಾಟಾದ ವೈಮ್ಯಾಕ್ಸ್ ಹರಿದ ಜಾಗದಿಂದಲೇ. 2023ರ ಸೆಪ್ಟೆಂಬರಿನಲ್ಲಿ ಜಿಯೋ ಈ ಸೇವೆಯನ್ನು ಎಂಟು ನಗರಗಳಲ್ಲಿ ತೆರೆದಾಗ ಬೆಂಗಳೂರು ಅದರಲ್ಲಿತ್ತು. ಈ ಸಲ ಉಪಕರಣ ಗಟ್ಟಿ, ಬೆಲೆಯೂ ಕೈಗೆಟಕುವಂಥದ್ದು.

2010ರ ಹರಾಜಿನ ಅಲೆಗಳಿಗೆ ಕೊಟ್ಟ ಅವಧಿ ಇಪ್ಪತ್ತು ವರ್ಷ. 2030ಕ್ಕೆ ಅದು ಮುಗಿಯುತ್ತದೆ. ಕರ್ನಾಟಕದ ಆ ಪಟ್ಟಿಗಳನ್ನು ಯಾವ ಷರತ್ತಿನ ಮೇಲೆ ಕೊಡುವುದೆಂದು ಸರ್ಕಾರ ಮತ್ತೆ ಕೂತು ಬರೆಯಬೇಕಾಗುತ್ತದೆ. ಆಗ ‘ತುಂಡಿನ ಪಟ್ಟಣದ ಬೀದಿ’ ಎನ್ನುವ ಕಡೆ ‘ಗ್ರಾಮ ಪಂಚಾಯ್ತಿಯ ಪ್ರತಿ ಜನವಸತಿ’ ಎಂದು ಬರೆಯಬೇಕು. ಅಳೆಯುವವರು ಮೊಳಕಾಲ್ಮೂರಿನ ಬಸ್ ನಿಲ್ದಾಣದಲ್ಲಿ ಇಳಿದು ಮೀಟರ್ ತೆಗೆಯಬಾರದು. ಬಸ್ಸು ಬದಲಿಸಿ ದೇವಸಮುದ್ರಕ್ಕೆ ಬರಬೇಕು. ಅಲ್ಲಿಂದ ಹಟ್ಟಿಯವರೆಗೆ ನಡೆದು, ಕಡೆಯ ಮನೆಯ ಒಳಗೆ ನಿಂತು ಅಳೆಯಬೇಕು.